ಕೊನೇ ಸ್ಟಾಪಿನ ಎರಡು ಡಬ್ಬಿ

ಬಸ್ಸು ಇನ್ನೂ ಹೊರಟಿರಲಿಲ್ಲ. ಆದರೆ ಅವಳ ಬಲಗಾಲು ಆಗಲೇ ನೆಲದ ತಗಡನ್ನು ಒತ್ತುತ್ತಿತ್ತು, ತಾನು ಒತ್ತಿದರೆ ಬಸ್ಸು ಮುಂದೆ ಹೋದೀತು ಎಂಬಂತೆ. ಒಂಬತ್ತು ಹತ್ತರ ಬಸ್ಸು. ಈಗ ಒಂಬತ್ತು ಹದಿನಾಲ್ಕು. ಡ್ರೈವರು ಕೆಳಗೆ ನಿಂತು ಬಾಯಿ ಮುಕ್ಕಳಿಸುತ್ತಿದ್ದ; ಉಗಿದು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಗುಟುಕು ತುಂಬಿಕೊಂಡ. ಅವನ ಕೆನ್ನೆ ಉಬ್ಬುವುದನ್ನು ನೋಡುತ್ತ ಅವಳಿಗೆ ಇಳಿದು ಹೋಗಿ ಆ ಬಾಟಲಿ ಕಿತ್ತುಕೊಳ್ಳಬೇಕು ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಎದುರಾದ ಎಲ್ಲದರ ಮೇಲೂ ಸಿಟ್ಟು: ಕೂದಲು ಉದುರಿಸಿದ ಬಾಚಣಿಗೆಯ ಮೇಲೆ, ಕುದಿಯಲು ತಡಮಾಡಿದ ಹಾಲಿನ ಮೇಲೆ, "ಇವತ್ತು ಮಧ್ಯಾಹ್ನದ ಪಾಳಿ ಅಲ್ವಾ, ಇಷ್ಟು ಬೇಗ ಎಲ್ಲಿಗೆ" ಎಂದ ಗಂಡನ ಮೇಲೆ. ಹನ್ನೊಂದಕ್ಕೆ ಕಂಡಕ್ಟರು ಕೊನೇ ಸ್ಟಾಪಿಗೆ ಬರುತ್ತಾರೆ. ಅಷ್ಟರೊಳಗೆ ತಾನು ಹೋಗಿ ಬೆಂಚಿನ ಕೆಳಗಿನ ಡಬ್ಬಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಅಲ್ಲಿ ಯಾವತ್ತೂ ಏನೂ ಇರಲಿಲ್ಲ ಎಂಬಂತೆ ಮಾಡಿಬಿಡಬೇಕು. ಅಷ್ಟೇ. ಆಮೇಲೆ ಹನ್ನೆರಡೂವರೆಗೆ ಕೆಲಸಕ್ಕೆ ಕೂರಬೇಕು, ಏನೂ ಆಗದವಳ ಹಾಗೆ.

ಕಂಡಕ್ಟರು ಎಂದರೆ ಈ ಬಸ್ಸಿನವನಲ್ಲ. ಹದಿನಾಲ್ಕು ವರ್ಷ ಅವಳನ್ನು ಕೆಲಸಕ್ಕೆ ಕರೆದೊಯ್ದ ಬಸ್ಸಿನ ಕಂಡಕ್ಟರು, ಈಗ ನಿವೃತ್ತರು. ಡಬ್ಬಿ ಹುಡುಕುವ ಆಟವನ್ನು ಅವಳಿಗೆ ಹಚ್ಚಿದವರು ಅವರೇ. ಊರಿನಲ್ಲಿ ಎಲ್ಲೆಲ್ಲೋ ಯಾರ್ಯಾರೋ ಡಬ್ಬಿ ಬಚ್ಚಿಟ್ಟಿರುತ್ತಾರೆ. ಫೋನಿನಲ್ಲಿ ಅದರ ಅಕ್ಷಾಂಶ ರೇಖಾಂಶ ಇರುತ್ತದೆ. ಹೋಗಿ, ದಾರಿಹೋಕರ ಕಣ್ಣಿಗೆ ಬೀಳದಂತೆ ಹುಡುಕಿ, ಒಳಗಿನ ಕಾಗದದಲ್ಲಿ ಹೆಸರೂ ತಾರೀಖೂ ಬರೆದು, ಇದ್ದಲ್ಲೇ ಇಟ್ಟು ಬರಬೇಕು. ದೊಡ್ಡ ಡಬ್ಬಿಯಾದರೆ ಒಳಗೆ ಸಣ್ಣಪುಟ್ಟ ವಸ್ತುಗಳಿರುತ್ತವೆ, ಒಂದನ್ನು ತೆಗೆದುಕೊಂಡವರು ಒಂದನ್ನು ಬಿಟ್ಟು ಹೋಗಬೇಕು. ಬೇರೆಯವರೆಲ್ಲ ಸ್ಕೂಟರಿನಲ್ಲಿ, ಕಾರಿನಲ್ಲಿ ಸುತ್ತುತ್ತಿದ್ದಾಗ ಕಂಡಕ್ಟರು ಬಸ್ಸಿಗರಿಗಾಗಿಯೇ ಒಂದು ಮಾಲೆ ಮಾಡಿದ್ದರು. ಇಪ್ಪತ್ತನಾಲ್ಕು ರೂಟು, ಒಂದೊಂದರ ಕೊನೇ ಸ್ಟಾಪಿನಲ್ಲಿ ಒಂದೊಂದು ಡಬ್ಬಿ. ಬಸ್ಸಿನಲ್ಲೇ ಹೋಗಬೇಕು, ಬಸ್ಸಿನಲ್ಲೇ ಬರಬೇಕು. ಇಪ್ಪತ್ತನಾಲ್ಕನ್ನೂ ಮೊದಲು ಮುಗಿಸಿದವಳು ಇವಳು. ಆಟದಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ. ಇವಳಿಗೆ 'ಸೂಜಿಗಣ್ಣು' ಎಂದು ಹೆಸರಿಟ್ಟವರೂ ಕಂಡಕ್ಟರೇ, ಸೀಟಿನ ಸಂದಿಯಲ್ಲಿ ಬಿದ್ದಿದ್ದ, ಅವರು ಊದುವ ಸೀಟಿಯನ್ನು ಮೂರು ಸಾಲು ಹಿಂದಿನಿಂದಲೇ ಕಂಡು ಹೇಳಿದ ದಿನ.

ಬಸ್ಸು ಹೊರಟಿತು. ಅವಳು ಮತ್ತೆ ಫೋನು ತೆಗೆದಳು. ಆಟದ ಪುಟದಲ್ಲಿ ಬಂದಿದ್ದ ಆ ಬರಹವನ್ನು ಬೆಳಗಿನಿಂದ ಎಷ್ಟು ಸಲ ಓದಿದ್ದಳೋ. ಬರೆದದ್ದು 'ಹೊಸ ಚಪ್ಪಲಿ' ಎಂಬ ಯಾರೋ, ಆಟಕ್ಕೆ ಸೇರಿ ಎರಡು ತಿಂಗಳಾದವರು. "ಈ ಜಾಗದಲ್ಲಿ ನನಗೆ ಎರಡು ಡಬ್ಬಿ ಸಿಕ್ಕವು. ಒಂದು ಬೆಂಚಿನ ಕಬ್ಬಿಣದ ಕಾಲಿಗೆ ಅಂಟಿಸಿದ, ಕ್ಯಾಮೆರಾ ರೀಲಿನ ಫಿಲ್ಮ್ ಡಬ್ಬಿ. ಅದರ ಕಾಗದದಲ್ಲಿ ಮೊದಲ ಹೆಸರು ಸೂಜಿಗಣ್ಣು ಅವರದ್ದು, ಆಮೇಲೆ ತುಂಬ ಜನ. ಇನ್ನೊಂದು ದೊಡ್ಡದು, ಬಿಸಿಲು ತಾಳದೆ ನೆರಳಿಗೆ ಒರಗಿ ನಿಂತಾಗ ಅಕಸ್ಮಾತ್ ಕೈಗೆ ತಾಗಿತು. ಅದರ ಪುಸ್ತಕದಲ್ಲಿ ಕೊನೆಯ ಹೆಸರು ಮುಂಗುಸಿ ಅವರದ್ದು, ಮೂರು ವರ್ಷ ಹಿಂದಿನದು. ಇವೆರಡರಲ್ಲಿ ಯಾವುದು ಅಸಲಿ? ಎಲ್ಲಿ ಸಹಿ ಮಾಡಬೇಕೋ ತಿಳಿಯದೆ ಎರಡರಲ್ಲೂ ಮಾಡಿದ್ದೇನೆ. ತಪ್ಪಿದ್ದರೆ ಕ್ಷಮಿಸಿ." ಕೆಳಗೆ ಕಂಡಕ್ಟರ ಉತ್ತರ: "ಗುರುವಾರ ಹನ್ನೊಂದರ ಬಸ್ಸಿಗೆ ಹೋಗಿ ನೋಡುತ್ತೇನೆ." ತಪ್ಪಿದ್ದರೆ ಕ್ಷಮಿಸಿ ಅಂತೆ. ಈ ವಿನಯವೇ ಅವಳ ಮೈ ಉರಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದು ಹಾಗಲ್ಲ, ಯಾರೋ ಸುಮ್ಮನೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ನಿಮ್ಮ ಮಂಚದ ಕೆಳಗೆ ಇದೇನೋ ಇದೆಯಲ್ಲ ಎಂದ ಹಾಗೆ. ಹೋಗಲಿ, ಫೋನಿನಲ್ಲಿ ಒಬ್ಬರಿಗೇ ಬರೆಯಬಹುದಿತ್ತು. ಎಲ್ಲರೂ ಓದುವ ಪುಟದಲ್ಲೇ ಆಗಬೇಕಿತ್ತೇ. ಇವತ್ತು ಡಬ್ಬಿ ಕಿತ್ತರೆ ಹೊಸ ಚಪ್ಪಲಿ ಸುಳ್ಳು ಹೇಳಿದ ಹಾಗಾಗುತ್ತದೆ. ಆಗಲಿ. ಹೊಸಬರು ಎರಡು ದಿನ ಪೆಚ್ಚಾಗುತ್ತಾರೆ, ಮರೆಯುತ್ತಾರೆ.

ತಾನು ಹೀಗೆ ಯೋಚಿಸಬಲ್ಲೆ ಎಂಬುದು ಕಿಟಕಿಯ ಗಾಜಿನಲ್ಲಿ ತನ್ನದೇ ಮುಖವಾಗಿ ಕಂಡಿತು. ಅವಳು ಮುಖ ತಿರುಗಿಸಿದಳು. ಗಾಜು ಅವಳ ಕೆಲಸ. ಕನ್ನಡಕದ ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಜೋಡಿ ಗಾಜೂ ಡಾಕ್ಟರ ಚೀಟಿಯ ಜೊತೆ ಅವಳ ಮೇಜಿಗೋ ಪಕ್ಕದ ಮೇಜಿಗೋ ಬರಬೇಕು. ಯಂತ್ರದ ಕೆಳಗಿಟ್ಟು, ಪವರ್ ಓದಿ, ನಡುವೆ ಮಸಿಯ ಮೂರು ಚುಕ್ಕೆ ಇಟ್ಟು, ದೀಪಕ್ಕೆ ಹಿಡಿದು ಗೀರು ನೋಡಿ, 'ಸರಿಯಿದೆ' ಎಂಬ ಚೀಟಿಗೆ ಸಹಿ ಹಾಕಿದರೆ ಮಾತ್ರ ಹೊರಗೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಒಂದು ತಪ್ಪು ಗಾಜು ದಾಟಿಲ್ಲ. ಕಳೆದ ವಾರವಷ್ಟೇ ಪಕ್ಕದ ಮೇಜಿನವಳು, ಎರಡು ಮಕ್ಕಳ ತಾಯಿ, ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಯಂತ್ರಕ್ಕೆ ಇಡದೆಯೇ ಆರು ಜೋಡಿ ಗಾಜಿಗೆ ಚುಕ್ಕೆ ಇಟ್ಟು ಸಹಿ ಹಾಕಿದ್ದಳು. ಆ ಚುಕ್ಕೆಗಳ ಅಂದವೇ ಅವಳನ್ನು ಹಿಡಿದುಕೊಟ್ಟಿತು. ನಿಜವಾಗಿ ನೋಡಿ ಇಟ್ಟ ಚುಕ್ಕೆ ಅಷ್ಟು ಸಾಲಾಗಿ ಬರುವುದಿಲ್ಲ. ಅವಳನ್ನು ಮೇಲ್ವಿಚಾರಕರ ಮುಂದೆ ನಿಲ್ಲಿಸಿದ್ದು ಇವಳೇ. "ಅಕ್ಕಾ, ಐದೂಕಾಲಿನ ಬಸ್ಸು ತಪ್ಪಿಹೋಗ್ತಿತ್ತು, ಅದಕ್ಕೇ," ಎಂದಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು. ಇವಳು ಇಡೀ ಕೋಣೆಗೆ ಕೇಳುವಂತೆ ಹೇಳಿದ್ದಳು: "ಬಸ್ಸು ತಪ್ಪಿದ್ರೆ ಇನ್ನೊಂದು ಬರುತ್ತೆ. ಕಣ್ಣು?" ಎಲ್ಲರೂ ತಲೆ ತಗ್ಗಿಸಿದ್ದರು. ಮನೆಗೆ ಬರುವ ದಾರಿಯಲ್ಲಿ ಆ ಮಾತನ್ನು ಇವಳು ಎರಡು ಮೂರು ಸಲ ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಿದ್ದಳು, ಚೆನ್ನಾಗಿ ಬಂದಿತ್ತು ಎಂದು.

ಮೂರು ವರ್ಷದ ಹಿಂದೆ, ಇದೇ ರೂಟು, ಇದೇ ಏರು. ಪಕ್ಕದಲ್ಲಿ ಗಂಡ. ಭಾನುವಾರ ಕಂಡಕ್ಟರು ಎಲ್ಲರನ್ನೂ ಸೇರಿಸುವವರಿದ್ದರು, ಅವತ್ತು ಬುಧವಾರ, ಅವಳಿಗೆ ಉಳಿದದ್ದು ಇದೊಂದೇ ಡಬ್ಬಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮುಂಗುಸಿಗೂ ಉಳಿದದ್ದು ಇದೊಂದೇ. ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಉಳಿಯಿತು, ಎಷ್ಟು ಉಳಿಯಿತು ಎಂದು ನಗುನಗುತ್ತ ಕೇಳುತ್ತಿದ್ದರು, ನಗುವಿನ ಹಿಂದೆ ಹಲ್ಲು ಕಚ್ಚಿಕೊಂಡು. ಐವತ್ತು ನಿಮಿಷ ಹುಡುಕಿದ್ದಳು. ಅಲ್ಲಿ ನೀರಿನ ದೊಡ್ಡ ಟ್ಯಾಂಕು, ಅದರ ಕಬ್ಬಿಣದಿಂದಲೋ ಏನೋ ಫೋನಿನ ಬಾಣ ಒಮ್ಮೆ ಗೋಡೆ ಕಡೆ, ಒಮ್ಮೆ ಬೆಂಚಿನ ಕಡೆ ತಿರುಗುತ್ತಿತ್ತು. ಮುಚ್ಚಿದ ಪಂಪುಮನೆ, ಗೋಡೆಯ ಕಲ್ಲು, ಬೇಲಿಯ ಕಂಬ, ಎಲ್ಲ ತಡಕಿದ್ದಳು. ಗಂಡ ಬೆಂಚಿನ ಮೇಲೆ ಕೂತು ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತ, "ಸಿಕ್ತಾ? ಸಿಕ್ತಾ?" ಎಂದು ಮಗುವನ್ನು ಆಡಿಸುವ ಹಾಗೆ ಕೇಳುತ್ತಿದ್ದ. ಇಳಿಜಾರಿನಲ್ಲಿ ಬಸ್ಸಿನ ಸದ್ದು ಬಂತು. ಗಂಟೆಗೊಂದೇ ಬಸ್ಸು. ಗಂಡ ಎದ್ದು ಹೇಳಿದ, ಬಸ್ಸು ಬಂತು, ಯಾವುದೋ ಒಂದು ಇಟ್ಟು ಬಾ, ಯಾರು ನೋಡ್ತಾರೆ. ಅವನೇ ಹೇಳಿದ್ದು. ಅವನು ಹಾಗೆ ಹೇಳದಿದ್ದರೆ ತಾನು ಖಂಡಿತ ಮಾಡುತ್ತಿರಲಿಲ್ಲ. ಮೂರು ವರ್ಷದಿಂದ ಅವನು ಶೂ ಬಿಚ್ಚುವುದನ್ನು ಕಂಡಾಗಲೆಲ್ಲ ಅವಳಿಗೆ ಆ ಮಾತು ಕೇಳುತ್ತಿತ್ತು, ಅವಳು ಸದ್ದಾಗುವಂತೆ ಪಾತ್ರೆ ಇಡುತ್ತಿದ್ದಳು, ಅವನು "ಏನಾಯ್ತು ಈಗ" ಎನ್ನುತ್ತಿದ್ದ.

ಭಾನುವಾರ ಕಂಡಕ್ಟರು ತಮ್ಮ ಟಿಕೆಟ್ ಪಂಚನ್ನು ಅವಳಿಗೆ ಕೊಟ್ಟರು. ಇಪ್ಪತ್ತೆಂಟು ವರ್ಷ ಅವರ ಅಂಗೈಯಲ್ಲಿದ್ದು ಹಿಡಿಯೆಲ್ಲ ನುಣುಪಾದ, ಒತ್ತಿದರೆ ಟಕ್ ಎನ್ನುವ ಉಕ್ಕಿನ ಇಕ್ಕಳ. "ಮೊದಲು ಮುಗಿಸಿದೋರಿಗೆ ಅಂತಾನೇ ಇಟ್ಕೊಂಡಿದ್ದೆ," ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಮುಂಗುಸಿ. ಹಿಂದಿನ ದಿನವಷ್ಟೇ ಅವಳೂ ಮುಗಿಸಿದ್ದಳು. "ಮೂರೇ ದಿನ ಕಣ್ರೀ," ಎಂದು ಇವಳ ತೋಳು ಹಿಡಿದು ನಕ್ಕಿದ್ದಳು. ಆ ಹಿಡಿತ ಇನ್ನೂ ತೋಳಿನಲ್ಲಿದೆ. ಪಂಚು ಮೂರು ವರ್ಷದಿಂದ ಷೋಕೇಸಿನಲ್ಲಿತ್ತು. ಇವತ್ತು ಬೆಳಿಗ್ಗೆ, ಹೊರಡುವಾಗ, ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಯಾಕೆಂದು ತನ್ನನ್ನು ತಾನು ಕೇಳಲಿಲ್ಲ.

ಕೊನೇ ಸ್ಟಾಪಿನಲ್ಲಿ ಇಳಿದವಳು ಅವಳೊಬ್ಬಳೇ. ಹತ್ತಕ್ಕೆ ಐದು ನಿಮಿಷ. ಬಸ್ಸು ತಿರುಗಿ ಹತ್ತು ನಿಮಿಷ ನಿಂತು ಹೊರಟುಹೋಯಿತು. ಟ್ಯಾಂಕು ಹಾಗೇ ಇತ್ತು, ಪಂಪುಮನೆಗೆ ಮಾತ್ರ ಹಸಿರು ಬಣ್ಣ ಬಳಿದಿದ್ದರು, ಬಾಗಿಲು, ಚಿಲಕ, ಕಿಟಕಿಯ ಸರಳು ಯಾವುದನ್ನೂ ಬಿಡದೆ. ಅವಳು ಬೆಂಚಿನ ಮೇಲೆ ಕೂತು, ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ಬಗ್ಗಿ, ಕೈಯನ್ನು ಕೆಳಗೆ ಹಾಕಿದಳು. ಡಬ್ಬಿ ಕೈಗೆ ಬಂತು. ಎಷ್ಟು ಸುಲಭವಾಗಿ ಬಂತು. ಇಂಥ ಜಾಗದಲ್ಲಿ ಇಟ್ಟಿದ್ದೆನಲ್ಲ, ಕಂಡಕ್ಟರು ಯಾವತ್ತಾದರೂ ಬೆಂಚಿನ ಕೆಳಗೆ ಇಟ್ಟಾರೆಯೇ, ಬುದ್ಧಿ ಇರುವವರು ಯಾರಾದರೂ ನಂಬಿಯಾರೇ. ಆದರೆ ಎಲ್ಲರೂ ನಂಬಿದ್ದರು. ಚೀಲಕ್ಕೆ ಹಾಕಿಕೊಳ್ಳುವ ಬದಲು ಅವಳು ಅದರ ಮುಚ್ಚಳ ತೆಗೆದಳು. ಸುರುಳಿ ಬಿಚ್ಚಿದಳು. ಮೊದಲ ಸಾಲು ತನ್ನದು, ಅಂಕುಡೊಂಕು, ಅವಸರದ್ದು. ಕೆಳಗೆ ಬೇರೆ ಬೇರೆ ಕೈಬರಹಗಳು. 'ಮಗಳ ಜೊತೆ ಮೊದಲ ಡಬ್ಬಿ, ಅವಳಿಗೇ ಮೊದಲು ಕಂಡಿತು.' 'ಆಪರೇಷನ್ ಆಗಿ ಇಪ್ಪತ್ತನೇ ದಿನ, ಇಲ್ಲಿವರೆಗೆ ಬಂದೆ, ಕೂತಿದ್ದೇನೆ.' 'ಅಪ್ಪ ಬಸ್ಸಿನಲ್ಲಿ ಮಲಗಿಬಿಟ್ಟರು, ಅವರ ಪರವಾಗಿ ನಾನು.' ಅವಳ ಸುಳ್ಳು ಡಬ್ಬಿಯೊಳಗೆ ಇಷ್ಟೊಂದು ಜನ ನಿಜವಾಗಿ ಬಂದು ಹೋಗಿದ್ದರು. ಓದುತ್ತ ಓದುತ್ತ ಇವರ ಮೇಲೂ ಸಿಟ್ಟು ಬಂತು. ಮಗಳಿಗೆ ಕಂಡಿತಂತೆ. ಏನು ಕಂಡಿತು?

ಆಮೇಲೆ ಕಾಗದ ಬದಲಾಯಿತು. ಮೊದಲ ತುಂಡು ಮುಗಿದಲ್ಲಿ ಇನ್ನೊಂದನ್ನು ಅಂಟಿಸಿದ್ದರು, ಹಳೇ ಟಿಕೆಟ್ಟಿನ ರೋಲಿನಿಂದ ಕತ್ತರಿಸಿದ್ದು, ಎಡಗಡೆ ಕೆಂಪು ಶಾಯಿಯಲ್ಲಿ ಸಾಲಿಗೊಂದು ಸಂಖ್ಯೆ. ಆ ಕೆಂಪು ಸಂಖ್ಯೆಗಳನ್ನು ಅವಳು ಇಪ್ಪತ್ಮೂರು ಡಬ್ಬಿಗಳಲ್ಲಿ ನೋಡಿದ್ದಳು. ಏಳಕ್ಕೆ ಅಡ್ಡಗೆರೆ ಹಾಕುವವರು ಒಬ್ಬರೇ. ಅಂಟಿಸಿದ ಜಾಗದಲ್ಲಿ ತಾರೀಖೂ ಇತ್ತು, ಎರಡು ವರ್ಷ ಹಿಂದಿನದು. ಕಂಡಕ್ಟರು ಇಲ್ಲಿಗೆ ಬಂದಿದ್ದರು. ತಾವು ಇಡದ ಡಬ್ಬಿಯನ್ನು ಕಂಡಿದ್ದರು, ಮೊದಲ ಹೆಸರನ್ನು ಓದಿದ್ದರು, ಕಾಗದ ಮುಗಿದಿದೆ ಎಂದು ಹೊಸ ಕಾಗದ ಹಾಕಿ, ಮುಚ್ಚಳ ಮುಚ್ಚಿ, ಅಲ್ಲೇ ಇಟ್ಟು ಹೋಗಿದ್ದರು. ಅದಾದ ಮೇಲೆ ಎರಡು ವರ್ಷ, ಎಷ್ಟು ಸಲ ಸಿಕ್ಕಿಲ್ಲ ಅವರು, ಪ್ರತಿ ಸಲವೂ "ಏನಮ್ಮ ಸೂಜಿಗಣ್ಣು" ಎಂದು ಕರೆದಿಲ್ಲವೇ, ಅವಳು ಹೊಸಬರಿಗೆ ಪಾಠ ಮಾಡುವಾಗ ಪಕ್ಕದಲ್ಲೇ ಕೂತು ತಲೆ ಆಡಿಸಿಲ್ಲವೇ. ಅವಳ ಕಿವಿ ಬಿಸಿಯಾಯಿತು. ಸಿಕ್ಕಿಬಿದ್ದದ್ದಕ್ಕಲ್ಲ. ಬಟ್ಟೆ ಹರಿದದ್ದು ತನಗೆ ಗೊತ್ತಿಲ್ಲದೆ ಊರೆಲ್ಲ ತಿರುಗಾಡಿ ಬಂದಮೇಲೆ, ನಾನು ಆಗಲೇ ನೋಡಿದ್ದೆ ಎಂದು ಯಾರಾದರೂ ಹೇಳಿದರೆ ಆಗುವಂಥ ಸಿಟ್ಟು ಅದು. ಕ್ಷಮಿಸಿಬಿಟ್ಟಿದ್ದಾರೆ. ಕೇಳದೆ, ಹೇಳದೆ, ತನ್ನ ಒಪ್ಪಿಗೆಯೇ ಇಲ್ಲದೆ, ಎರಡು ವರ್ಷದ ಹಿಂದೆಯೇ ಕ್ಷಮಿಸಿ ಮುಗಿಸಿದ್ದಾರೆ. ಅವರಿಗೆ ಯಾರು ಕೊಟ್ಟರು ಆ ಅಧಿಕಾರ?

ಯಾರ ಮೇಲಾದರೂ ಈಗಲೇ ಹರಿಹಾಯಬೇಕಿತ್ತು. ಗಂಡನಿಗೆ ಫೋನು ಮಾಡಿದಳು.

"ಅವತ್ತು ಇಟ್ಟು ಬಾ ಅಂದೋರು ನೀವು," ಎಂದಳು, ಹಲೋ ಕೂಡ ಇಲ್ಲದೆ.

"ಯಾವತ್ತು? ಏನಿಟ್ಟು?"

"ಟ್ಯಾಂಕ್ ಹತ್ರ. ಮೂರು ವರ್ಷದ ಹಿಂದೆ. ಯಾವುದೋ ಒಂದು ಇಡು, ಯಾರು ನೋಡ್ತಾರೆ ಅಂದ್ರಲ್ಲ."

ಆ ಕಡೆ ಪ್ರಿಂಟರಿನ ಸದ್ದು. ಅವನು ಯೋಚಿಸುತ್ತಿದ್ದ, ಅವನು ಯೋಚಿಸುವಾಗ ಮೂಗಿನಿಂದ ಉಸಿರು ಬಿಡುವುದು ಕೇಳಿಸುತ್ತದೆ. "ನಾನಾ? ನಾನು ಬಸ್ಸು ಬಂತು ಅಂದೆ. ಇನ್ನೊಂದಿನ ಬರೋಣ ಬಿಡು ಅಂತಾನೂ ಅಂದೆ. ನೀನೇ ಚೀಲದಿಂದ ಒಂದು ಕರೀ ಡಬ್ಬಿ ತೆಗೆದು ಬೆಂಚಿನ ಕೆಳಗೆ ಅಂಟಿಸಿದ್ದು. ಅದೇನು ಅಂತ ಕೇಳಿದ್ದಕ್ಕೆ ನೀನು ಸುಮ್ನಿರಿ ಅಂದೆ. ನಂಗೆ ಇವತ್ತಿನವರೆಗೂ ಅದೇನು ಅಂತ ಗೊತ್ತಿಲ್ಲ ನೋಡು."

ಅವಳು ಫೋನು ಇಟ್ಟಳು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳಲು ಪ್ರಯತ್ನಿಸಿದಳು. ಆದರೆ ಡಬ್ಬಿ ಕೈಯಲ್ಲೇ ಇತ್ತು. ಅದರ ತಳಕ್ಕೆ ಅಯಸ್ಕಾಂತ ಅಂಟಿಸಿತ್ತು. ಅದನ್ನು ಅಂಟಿಸಿದವಳು ತಾನು, ಮನೆಯಲ್ಲಿ, ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಹಿಂದಿನ ದಿನ, ಮಂಗಳವಾರ. ಗೋಂದು ಒಣಗಲಿ ಎಂದು ಫ್ರಿಜ್ಜಿನ ಮೇಲೆ ಇಟ್ಟಿದ್ದಳು. ಕಾಗದದ ಸುರುಳಿಯನ್ನೂ ಕತ್ತರಿಸಿ ಒಳಗಿಟ್ಟಿದ್ದಳು. ಹುಡುಕಲು ಹೊರಟವಳು ಡಬ್ಬಿಯನ್ನು ಜೊತೆಗೆ ಯಾಕೆ ಒಯ್ಯುತ್ತಾಳೆ? ಅದು ಅವಳಿಗೆ ಗೊತ್ತಿತ್ತು, ಮೂರು ವರ್ಷದಿಂದಲೂ ಗೊತ್ತಿತ್ತು. ಆ ಒಂದು ಫ್ರಿಜ್ಜಿನ ಚಿತ್ರವನ್ನು ಮಾತ್ರ ಕತ್ತರಿಸಿ ತೆಗೆದು, ಖಾಲಿಯಾದ ಜಾಗದಲ್ಲಿ ಶೂ ಬಿಚ್ಚುವ ಗಂಡನನ್ನು ಕೂರಿಸಿದ್ದಳು. ಪಾಪದವನು ಸುಮ್ಮನೆ ಕೂತಿದ್ದ, ಮೂರು ವರ್ಷ, ಕಾಲು ಒತ್ತಿಕೊಳ್ಳುತ್ತ.

ಎದ್ದು ನಿಂತಳು. ನೆರಳಿಗೆ ಒರಗಿ ನಿಂತಾಗ ಎಂದಿತ್ತಲ್ಲ ಹೊಸ ಚಪ್ಪಲಿ. ಹತ್ತೂವರೆಯ ಬಿಸಿಲಿಗೆ ಇಲ್ಲಿ ನೆರಳಿದ್ದದ್ದು ಪಂಪುಮನೆಯ ಬಾಗಿಲಿಗೆ ಮಾತ್ರ. ಕಬ್ಬಿಣದ ಬಾಗಿಲು, ಅದರ ಪಕ್ಕದ ಕಬ್ಬಿಣದ ಚೌಕಟ್ಟಿಗೆ ಊಟದ ಡಬ್ಬಿಯಷ್ಟು ದೊಡ್ಡ ಕರೆಂಟಿನ ಪೆಟ್ಟಿಗೆ, ಮೇಲೆ ಮಿಂಚಿನ ಗುರುತು, 'ಮುಟ್ಟಬೇಡಿ' ಎಂದು ಬರೆದದ್ದರ ಮೇಲೆ ತೆಳ್ಳಗೆ ಹಸಿರು ಬಣ್ಣ. ಮೂರು ವರ್ಷದ ಹಿಂದೆ ಅದು ಬೂದು ಬಣ್ಣದಲ್ಲಿತ್ತು. ಅವಳು ಅದನ್ನು ನೋಡಿದ್ದಳು, ಓದಿದ್ದಳು, ಮುಂದೆ ಹೋಗಿದ್ದಳು. ಮುಟ್ಟಬೇಡಿ ಎಂದು ಬರೆದದ್ದನ್ನು ಅವಳು ಹುಟ್ಟಿದಂದಿನಿಂದ ಮುಟ್ಟಿದವಳಲ್ಲ. ಈಗ ನೋಡಿದರೆ ಆ ಪೆಟ್ಟಿಗೆಗೆ ಒಂದು ತಂತಿಯೂ ಬರುತ್ತಿರಲಿಲ್ಲ, ಒಂದು ತಂತಿಯೂ ಹೋಗುತ್ತಿರಲಿಲ್ಲ. ಸೂಜಿಗಣ್ಣು. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು. ಸುತ್ತಲ ಬಣ್ಣದ ಪದರ ಆಗಲೇ ಬಿರಿದಿತ್ತು, ಅಯಸ್ಕಾಂತ ಬಿಟ್ಟುಕೊಟ್ಟಿತು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ, ಒಂದು ಬಣ್ಣದ ಗುಂಡಿ, ಒಂದು ಪುಟ್ಟ ದಿಕ್ಸೂಚಿ. ಮುಂಗುಸಿಯ ಸಾಲು: 'ಶನಿವಾರ. ಒಂದು ಗಂಟೆ ಹತ್ತು ನಿಮಿಷ ಹುಡುಕಿದೆ. ಬಸ್ಸು ಬಂತು, ಬಿಟ್ಟುಬಿಟ್ಟೆ. ಆಮೇಲೆ ಸಿಕ್ಕಿತು.' ಅದರ ಕೆಳಗೆ ಹೊಸ ಚಪ್ಪಲಿ. ನಡುವೆ ಯಾರೂ ಇಲ್ಲ.

ಹನ್ನೊಂದರ ಬಸ್ಸು ಬಂದಾಗ ಅವಳು ಎರಡನ್ನೂ ಬೆಂಚಿನ ಮೇಲೆ ತನ್ನ ಪಕ್ಕ ಇಟ್ಟುಕೊಂಡು ಕೂತಿದ್ದಳು. ಕಂಡಕ್ಟರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮುಖ ಇಳಿದಿರಲಿಲ್ಲ, ಅದೇ ನಗು.

"ಏನಮ್ಮ, ನನಗಿಂತ ಮುಂಚೆ ಬಂದುಬಿಟ್ಟಿದ್ದೀಯ. ತಡಿ, ಕೂತ್ಕೋತೀನಿ. ಈ ಮಂಡಿ ನನಗಿಂತ ಎರಡು ವರ್ಷ ಮೊದಲೇ ರಿಟೈರ್ ಆಯ್ತು."

"ಕಂಡಕ್ಟರೇ, ಇದು ನಿಮ್ಮ ಕೈಬರಹ," ಎಂದು ಸುರುಳಿಯನ್ನು ಅವರ ಮುಖಕ್ಕೆ ಹಿಡಿದಳು.

ಅವರು ಓದಲಿಲ್ಲ. "ಹೌದು," ಎಂದರು.

"ಎರಡು ವರ್ಷದಿಂದ ಗೊತ್ತು ನಿಮಗೆ."

"ಗೊತ್ತು."

"ಗೊತ್ತಿದ್ದೂ ನನ್ನ ಮುಂದೆ ಕೂತು ತಲೆ ಆಡಿಸ್ತಾ ಇದ್ರಿ. ನನ್ನ ಕ್ಷಮಿಸಿ ಅಂತ ನಾನು ಕೇಳಿದ್ನಾ ನಿಮ್ಮನ್ನ? ಬಂದು ನಾಲ್ಕು ಬೈದಿದ್ರೆ ಆಗ್ತಿರ್ಲಿಲ್ವಾ?"

ಕಂಡಕ್ಟರು ಅವಳನ್ನೇ ನೋಡಿದರು. ಆಮೇಲೆ ನಗತೊಡಗಿದರು, ನಗು ಕೆಮ್ಮಾಯಿತು. "ಕ್ಷಮಿಸೋದಾ. ಅಷ್ಟು ದೊಡ್ಡ ಮನುಷ್ಯ ಅಲ್ಲಮ್ಮ ನಾನು. ಅವತ್ತು ಬಂದೆ, ನನ್ನ ಪೆಟ್ಟಿಗೆ ಕಾಣಿಸಲಿಲ್ಲ. ಬಣ್ಣ ಬಳಿಯೋರು ಕಿತ್ತು ಬಿಸಾಕಿದಾರೆ ಅಂದ್ಕೊಂಡೆ. ನಾನೇ ಇಟ್ಟ ಪೆಟ್ಟಿಗೆ ನನಗೇ ಸಿಗ್ಲಿಲ್ಲ. ಕಳೆದುಹೋಯ್ತು ಅಂತ ಬರೆದ್ರೆ ಹೊಸದು ಮಾಡ್ಬೇಕು, ಮತ್ತೆ ಈ ಏರು ಹತ್ತಬೇಕು, ಅಲ್ಲಿವರೆಗೂ ಇಪ್ಪತ್ತನಾಲ್ಕು ಹೋಗಿ ಇಪ್ಪತ್ಮೂರು. ಬೆಂಚಿನ ಕೆಳಗೆ ನಿನ್ನದು ಸಿಕ್ತು. ಸರಿ, ಒಳ್ಳೇದೇ ಆಯ್ತು ಅಂತ ಕಾಗದ ಅಂಟಿಸಿ ಹೋದೆ. ಆಮೇಲೆ ಬಂದೇ ಇಲ್ಲ. ಬಂದು ನೋಡಿದೀನಿ ಅಂತ ಪ್ರತಿ ವರ್ಷ ಬರೀತೀನಿ, ಅಷ್ಟೆ."

ಅವಳಿಗೆ ಕೈಯಲ್ಲಿ ಹಿಡಿದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಇದು ಇಲ್ಲೇ ಇತ್ತು," ಎಂದಳು, ಹಸಿರು ಪೆಟ್ಟಿಗೆಯನ್ನು ತೋರಿಸಿ. "ನಾಲ್ಕು ಹೆಜ್ಜೆ ದೂರದಲ್ಲಿ."

"ನೀನು ಪಾಸ್ ಮಾಡಿದ ಗಾಜಿನಲ್ಲೇ ನೋಡಿದ್ದು ಕಣಮ್ಮ," ಎಂದು ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು.

ಅವಳು ಅದನ್ನು ಅವರ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದಳು. "ಗಾಜು ಸರಿಯಿದೆ. ಹೀಗೆ ಅಂಗೀಲಿ ಒರೆಸಿ ಒರೆಸಿ ಗೀರು ಮಾಡ್ಕೊಂಡಿದೀರ. ಅದಕ್ಕೂ ನಾನೇನಾ?"

"ಆಯ್ತು, ಬಿಡು. ಕೇಳಿಲ್ಲಿ." ಅವರ ದನಿ ತಗ್ಗಿತು, ಬಸ್ಸಿನಲ್ಲಿ ಜಗಳ ಬಿಡಿಸುವಾಗಿನ ದನಿ ಅದು, ಅವಳಿಗೆ ಗೊತ್ತಿತ್ತು. "ಆ ಫಿಲ್ಮ್ ಡಬ್ಬಿ ನಾನೇ ಇಟ್ಟಿದ್ದು ಅಂತ ಬರೀತೀನಿ. ಹಳೇದು ಕಳೆದಿದೆ ಅಂದ್ಕೊಂಡು ಹೊಸದು ಇಟ್ಟೆ ಅಂತ. ಅರ್ಧ ನಿಜಾನೇ ಅಲ್ವಾ? ನಿನ್ನ ಹೆಸರು ಇರೋ ತುಂಡು ಹರಿದು ಹಾಕು. ಮುಗೀತು."

"ಮುಂಗುಸಿ?"

"ಅವಳು ಆಟ ಬಿಟ್ಟು ಯಾವ ಕಾಲ ಆಯ್ತು. ಅವಳಿಗೇನು ಗೊತ್ತಾಗುತ್ತೆ?"

ಬಸ್ಸಿನ ಡ್ರೈವರು ಹಾರ್ನ್ ಒತ್ತಿದ. "ಬರ್ತೀರಾ ಯಜಮಾನ್ರೇ? ಟೈಮಾಯ್ತು."

"ಬಂದ್ವಿ ತಡಿಯಪ್ಪ," ಎಂದು ಕಂಡಕ್ಟರು ಎದ್ದರು. "ಬಾಮ್ಮ. ಬಸ್ಸಲ್ಲಿ ಮಾತಾಡೋಣ. ಎರಡನ್ನೂ ಇದ್ದಲ್ಲೇ ಅಂಟಿಸಿ ಬಾ."

ಇಂಜಿನು ಶುರುವಾಯಿತು. ಅದೇ ಸದ್ದು, ಅದೇ ಏರು, ಮೈಯೊಳಗೆ ಅದೇ ಅವಸರ, ಕಾಲು ತಾನಾಗಿ ನೆಲ ಒತ್ತಿತು. ಈ ಬಸ್ಸು ಬಿಟ್ಟರೆ ಹನ್ನೆರಡು ಹತ್ತರದ್ದು. ಕೆಲಸಕ್ಕೆ ಅರ್ಧ ಗಂಟೆಯ ಮೇಲೆ ತಡ. ಅವಳು ಪುಸ್ತಕ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಹೊಸ ಚಪ್ಪಲಿಯ ಕೆಳಗೆ ಇವತ್ತಿನ ತಾರೀಖು ಬರೆದಳು. 'ಸೂಜಿಗಣ್ಣು' ಎಂದು ಬರೆಯಲು ಕೈ ಬರಲಿಲ್ಲ, ಆದರೆ ಬೇರೆ ಹೆಸರಿರಲಿಲ್ಲ, ಬರೆದಳು. ಆಮೇಲೆ: 'ಆ ಬುಧವಾರ ಸಿಕ್ಕಿರಲಿಲ್ಲ. ಮನೆಯಿಂದಲೇ ಒಂದು ಡಬ್ಬಿ ತಂದಿದ್ದೆ, ಇಟ್ಟು ಹೋದೆ. ಇವತ್ತು ಸಿಕ್ಕಿತು.' ಎರಡನೇ ವಾಕ್ಯದಲ್ಲಿ 'ಬಸ್ಸು ಬಂದಿದ್ದರಿಂದ' ಎಂದು ಸೇರಿಸಲು ಪೆನ್ನು ನಿಂತಿತು. ಸೇರಿಸಲಿಲ್ಲ.

"ನನ್ನದೂ ಬರೆದ್ಯಾ?" ಕಂಡಕ್ಟರು ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಕೇಳಿದರು. ನಗು ಹೋಗಿತ್ತು.

"ನಿಮ್ಮದು ನೀವು ಬರ್ಕೊಳ್ಳಿ."

ಚೀಲದಿಂದ ಪಂಚು ತೆಗೆದಳು. ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು, ಗುಂಡಿಯನ್ನೂ ದಿಕ್ಸೂಚಿಯನ್ನೂ ಒಂದು ಮೂಲೆಗೆ ಸರಿಸಿ, ಪಂಚನ್ನು ಓರೆಯಾಗಿ ಒಳಗೆ ಇಳಿಸಿದಳು. ಹಿಡಿ ಸ್ವಲ್ಪ ತಡೆಯಿತು. ಒತ್ತಿದಳು. ಟಕ್ ಎಂದಿತು.

ಕಂಡಕ್ಟರು ಮೆಟ್ಟಿಲಿನಿಂದ ಇಳಿದರು. ಮಂಡಿಯನ್ನು ಮರೆತು ಇಳಿದರು. "ಅದೇನು ಮಾಡ್ತಾ ಇದೀಯ? ಅದು ನನ್ನ ಇಪ್ಪತ್ತೆಂಟು ವರ್ಷ. ಬೇಡ ಅಂದ್ರೆ ನಂಗೆ ವಾಪಸ್ ಕೊಡು. ಯಾವನೋ ದಾರೀಲಿ ಹೋಗೋನು ಎತ್ಕೊಂಡು ಹೋಗ್ತಾನೆ." ಇಷ್ಟು ವರ್ಷದಲ್ಲಿ ಅವರು ಅವಳ ಮೇಲೆ ದನಿ ಏರಿಸಿದ್ದು ಅದೇ ಮೊದಲು.

"ನೀವು ಮೊದಲು ಮುಗಿಸಿದೋರಿಗೆ ಅಂತ ಇಟ್ಟಿದ್ರಿ. ಈ ಪೆಟ್ಟಿಗೆ ನನಗೆ ಸಿಕ್ಕಿರಲಿಲ್ಲ, ನಿಮಗೂ ಸಿಗಲಿಲ್ಲ," ಎಂದಳು. "ಯಾರಿಗೆ ಸಿಗುತ್ತೋ ಅವರು ತಗೊಳ್ಳಲಿ."

ಪೆಟ್ಟಿಗೆಯನ್ನು ಒಯ್ದು ಚೌಕಟ್ಟಿಗೆ ಹಿಡಿದಳು. ಅಯಸ್ಕಾಂತ ಅವಳ ಕೈಯಿಂದ ಅದನ್ನು ಎಳೆದುಕೊಂಡಿತು. ಬೆನ್ನ ಹಿಂದೆ ಬಸ್ಸು ಎರಡು ಸಲ ಹಾರ್ನ್ ಮಾಡಿ, ಯಾರಿಗೋ ಏನೋ ಗೊಣಗಿದ ಹಾಗೆ ಗೇರು ಬದಲಾಯಿಸಿ, ಇಳಿಜಾರಿನಲ್ಲಿ ಹೋಯಿತು. ಕಂಡಕ್ಟರು ಬೆಂಚಿನ ಒಂದು ತುದಿಯಲ್ಲಿ ಅವಳಿಗೆ ಬೆನ್ನು ಮಾಡಿ ಕೂತರು. ಫಿಲ್ಮ್ ಡಬ್ಬಿ ಇಬ್ಬರ ನಡುವೆ ಇತ್ತು, ನಲವತ್ತು ಜನರ ಹೆಸರು ಹೊಟ್ಟೆಯಲ್ಲಿಟ್ಟುಕೊಂಡು. ಅದನ್ನು ಏನು ಮಾಡಬೇಕೆಂದು ಇಬ್ಬರೂ ಕೇಳಲಿಲ್ಲ. ಅವಳು ಇನ್ನೊಂದು ತುದಿಯಲ್ಲಿ ಕೂತು ಫೋನು ತೆಗೆದು, ಮೂರು ವರ್ಷ ಹಿಂದಿನ 'ಸಿಕ್ಕಿತು' ಎಂಬುದನ್ನು 'ಸಿಗಲಿಲ್ಲ' ಎಂದು ಬದಲಿಸಿದಳು. ಪುಸ್ತಕದಲ್ಲಿ ಬರೆದ ಮೂರು ಸಾಲನ್ನೇ ಎಲ್ಲರೂ ಓದುವ ಪುಟದಲ್ಲೂ ಬರೆದಳು. ಹೊಸ ಚಪ್ಪಲಿಗೆ ಒಂದು ಸಾಲು: ದೊಡ್ಡದೇ ಅಸಲಿ, ನಿಮ್ಮದೇನೂ ತಪ್ಪಿಲ್ಲ. ಮುಗಿಸಿದವರ ಪಟ್ಟಿ ಒಂದು ಕ್ಷಣ ಖಾಲಿಯಾಗಿ ಮತ್ತೆ ಮೂಡಿತು. ಮೊದಲ ಸಾಲಿನಲ್ಲಿ ಮುಂಗುಸಿ. ಅವಳು ಬೆರಳಿನಿಂದ ಕೆಳಕ್ಕೆ ಸರಿಸುತ್ತ ಹೋದಳು, ಹದಿನೇಳು ಹೆಸರು ದಾಟಿ, ಕೊನೆಗೆ, ಇವತ್ತಿನ ತಾರೀಖಿನ ಸೂಜಿಗಣ್ಣಿನವರೆಗೆ.

ತಡವಾಗುತ್ತದೆ ಎಂದು ಕಾರ್ಖಾನೆಗೆ ಹನ್ನೆರಡೂವರೆಯೊಳಗೆ ಹೇಳಬೇಕಿತ್ತು. ಮೇಲ್ವಿಚಾರಕರ ಫೋನು ಯಾರೂ ಎತ್ತಲಿಲ್ಲ. ಉಳಿದದ್ದು ಪಕ್ಕದ ಮೇಜಿನವಳ ನಂಬರು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತು, ಒತ್ತಿದಳು.

"ನಾನು. ಇವತ್ತು ಬರೋದು ತಡ ಆಗುತ್ತೆ ಅಂತ ಸಾಹೇಬ್ರಿಗೆ ಹೇಳ್ತೀಯಾ?"

"ಅಯ್ಯೋ, ಏನಾಯ್ತಕ್ಕ? ಹುಷಾರಿದೀರಾ?"

"ಹುಷಾರಿದೀನಿ. ಬಸ್ಸು ತಪ್ತು."

ಆ ಕಡೆ ಯಂತ್ರದ ಗಾಲಿ ತಿರುಗುವ ಸಣ್ಣ ಸದ್ದು, ಗಾಜನ್ನು ಮೇಜಿನ ಮೇಲಿಡುವ ಸದ್ದು.

"ಇನ್ನೊಂದು ಬರುತ್ತಲ್ಲ ಅಕ್ಕ," ಎಂದಳು ಅವಳು.

ಅದು ಸಮಾಧಾನವೋ ಚುಚ್ಚಿದ್ದೋ ದನಿಯಲ್ಲಿ ತಿಳಿಯಲಿಲ್ಲ. "ಹ್ಞೂಂ, ಬರುತ್ತೆ," ಎಂದಳು, ಮತ್ತು ಬಿಸಿಲು ನೆತ್ತಿಗೆ ಬರುತ್ತಿದ್ದರೂ ಜಾಗ ಬಿಡದೆ ಕೂತಳು.